ಒಂದೇ ಗೇಟಿನ ಪಾರ್ಕು

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಹಿಂದಕ್ಕೆ ತೆಗೆಯುವಾಗ ಕಂಡಕ್ಟರ್ ಊದುವ ಸೀಟಿ ಕಿವಿಗೆ ಬಿದ್ದರೆ ಈಗಲೂ ನನ್ನ ಕಾಲು ತಾನಾಗಿ ಬಿರುಸಾಗುತ್ತದೆ. ಬಾಗಿಲು ಹಾಕಿಬಿಡುತ್ತಾರೆ ಎಂಬ ಅಂಜಿಕೆ. ಯಾವ ಬಾಗಿಲು, ಯಾರು ಹಾಕುತ್ತಾರೆ ಎಂದು ಜೊತೆಯಲ್ಲಿದ್ದವರು ಕೇಳಿದರೆ ನಕ್ಕುಬಿಡುತ್ತೇನೆ. ನನ್ನ ಬಾಲ್ಯದ ಸಂಜೆಗಳು ಅಂಥದೇ ಒಂದು ಸೀಟಿಯಿಂದ ಮುಗಿಯುತ್ತಿದ್ದವು. ನಮ್ಮ ಮನೆಯ ಎದುರಿಗಿದ್ದ ತೋಪಿನ ಪಾರ್ಕಿನ ವಾಚ್‌ಮನ್ ಸಿದ್ದಣ್ಣ, ಹೊತ್ತು ಇಳಿಯುತ್ತಲೇ ಸೀಟಿ ಊದುತ್ತ ಮರಗಳ ಬುಡಗಳನ್ನೆಲ್ಲ ಸುತ್ತಿ ಬಂದು, ಗೇಟಿಗೆ ಸರಪಳಿ ಬಿಗಿದು ಬೀಗ ಹಾಕುತ್ತಿದ್ದ.

ಆ ಮನೆ ಈಗಿಲ್ಲ. ಅಲ್ಲಿ ಕೆಳಗೊಂದು ಬೇಕರಿ, ಮೇಲೊಂದು ಮೊಬೈಲ್ ಅಂಗಡಿ ಎದ್ದಿವೆ. ತಾತನದು ರೇಷ್ಮೆಗೂಡಿನ ವ್ಯಾಪಾರ. ಗೂಡಿನ ಮೂಟೆಗಳು ಪಡಸಾಲೆಯಲ್ಲಿ ಬಿದ್ದಿರುತ್ತಿದ್ದುದರಿಂದ ಮನೆಗೆಲ್ಲ ಒಂದು ಮುಗ್ಗುಲು ವಾಸನೆ. ಅದರ ಮೇಲೆ ಅಜ್ಜಿಯ ವಿಭೂತಿಯ ವಾಸನೆ, ಹುರುಳಿಕಾಳು ಬೇಯುವ ವಾಸನೆ. ಸ್ಕೂಲಿನಲ್ಲಿ ಪಕ್ಕದವಳು ಮೂಗು ಮುಚ್ಚಿಕೊಂಡಾಗಲೇ ನಮ್ಮ ಮನೆಗೊಂದು ವಾಸನೆ ಇದೆಯೆಂದು ನನಗೆ ತಿಳಿದದ್ದು. ಈಗ ಆ ವಾಸನೆ ಎಲ್ಲಾದರೂ ಸಿಕ್ಕೀತೇ ಎಂದು ಮಾರ್ಕೆಟ್ಟಿನ ಮುಂದೆ ನಿಂತು ಉಸಿರೆಳೆದುಕೊಳ್ಳುವುದುಂಟು. ನಿಮಗೂ ಅಂಥದೊಂದು ವಾಸನೆ ಇದ್ದೀತು, ಯಾರಿಗೂ ಹೇಳಿಕೊಂಡಿರಲಾರಿರಿ.

ನನಗೆ ಎಂಟು ವರ್ಷವಿರುವಾಗ ತಾತನ ಕಿರಿಮಗಳು, ನನ್ನ ಸೋದರತ್ತೆ ಮಾದೇವಮ್ಮ, ಕುಂತೂರಿನ ಗಂಡನ ಮನೆಯಿಂದ ಒಂದು ಟ್ರಂಕು ಹಿಡಿದು ಬಂದುಬಿಟ್ಟಳು. ಯಾಕೆ ಬಂದಳೆಂದು ಮಕ್ಕಳಿಗೆ ಯಾರು ಹೇಳುತ್ತಾರೆ? ಅವಳ ಎಡಗೈ ಮಣಿಕಟ್ಟು ಮುರಿದು ಸೊಟ್ಟಗೆ ಕೂಡಿಕೊಂಡಿದ್ದುದನ್ನು ಮಾತ್ರ ನಾನು ನೋಡಿದ್ದೆ. ಗಂಡನ ಕಡೆಯವರು ಕರೆಯಲು ಬರಬೇಕು, ಅವರು ಬರುವ ತನಕ ತವರಿಗೆ ಬಂದ ಮಗಳು ಬೀದಿಯಲ್ಲಿ ಕಾಣಿಸಿಕೊಳ್ಳಬಾರದು. ಕಂಡರೆ ತಿರುಗಾಡಿಕೊಂಡಿದ್ದಾಳೆ ಎನ್ನುತ್ತಾರೆ, ಕರೆಯಲು ಬರುವವರೂ ಬರುವುದಿಲ್ಲ. ಹೀಗೆ ಸಂತೆಯಿಲ್ಲ, ಸಿನಿಮಾ ಇಲ್ಲ, ಅಕ್ಕಪಕ್ಕದ ಮನೆಯ ಮದುವೆಯೂ ಇಲ್ಲ. ತಾತ ಕೆಟ್ಟವನಲ್ಲ. ಮಗಳು ಮಂಕಾಗಿ ಕೂತದ್ದು ನೋಡಲಾರದೆ, ಅವಳ ಮುಂದೆ ಕಡಲೆಕಾಯಿ ಸುಲಿದು ಸುಲಿದು ಗುಡ್ಡೆ ಹಾಕುತ್ತಿದ್ದ. ಕೊನೆಗೆ ಒಂದು ದಿನ ಅಜ್ಜಿಗೆ ಹೇಳಿದ: "ಪಾರ್ಕ್‌ಗಾದ್ರೆ ಓಗ್ಲಿ, ಮಗೀನೂ ಕರ್ಕಂಡು. ಸುತ್ತ ಕಾಂಪೌಂಡ್ ಅದೆ, ಇರೋದು ಒಂದೇ ಗೇಟು." ಆ ಗೇಟು ನಮ್ಮ ಜಗಲಿಗೆ ನೇರಕ್ಕಿತ್ತು. ಅಂದಿನಿಂದ ತಾತ ಸಂಜೆಯ ಹೊತ್ತು ಜಗಲಿ ಬಿಟ್ಟು ಏಳಲಿಲ್ಲ.

ಪಾರ್ಕು ಎಂದರೆ ಈಗಿನ ಹಾಗೆ ಜಾರುಬಂಡೆ, ಕಾರಂಜಿಯ ಪಾರ್ಕಲ್ಲ. ಹಳೆಯ ಇಪ್ಪೆ, ಹುಣಸೆ, ಹೊಂಗೆಯ ತೋಪು. ನಡುವೆ ಯಾವ ಕಾಲದ್ದೋ ಬಿದ್ದ ಮಂಟಪ, ಕೆಲವು ಕೆತ್ತನೆಯ ಕಲ್ಲುಗಳು. ಕಲ್ಲು ಮುಟ್ಟಬಾರದು, ಎಲೆ ಕೀಳಬಾರದು ಎಂದು ಸರ್ಕಾರದ ನೀಲಿ ಬೋರ್ಡು. ಬೋರ್ಡು ಓದಿ ಮುಗಿಸಿ ಅತ್ತೆ ಮೊದಲು ಮಾಡಿದ ಕೆಲಸವೆಂದರೆ ಒಂದು ಹೊಂಗೆಯ ಎಲೆ ಕಿತ್ತು ಪೀಪಿ ಮಾಡಿ ನನ್ನ ಕೈಗೆ ಕೊಟ್ಟದ್ದು. ಮನೆಯಲ್ಲಿ ತುಟಿ ಬಿಚ್ಚದವಳು ಗೇಟು ದಾಟಿದೊಡನೆ ಬೇರೆಯೇ ಹೆಂಗಸಾಗುತ್ತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಹುತ್ತಗಳನ್ನು ಬಗ್ಗಿ ನೋಡುವಳು, ಮುಂಗುಸಿಯ ಹಿಂದೆ ಸದ್ದಿಲ್ಲದೆ ನಡೆಯುವಳು, ಇಪ್ಪೆಮರದಲ್ಲಿ ತಲೆಕೆಳಗಾಗಿ ತೂಗುವ ಬಾವಲಿಗಳಿಗೆ ನಮ್ಮ ನೆಂಟರ ಹೆಸರಿಡುವಳು. ದನಗಳ್ಳರೊಡನೆ ಕಾದಾಡಿ ಸತ್ತ ವೀರನ ಕಲ್ಲಿನ ಮುಂದೆ ನಿಂತು, ಅವನ ಹಸುವಿಗೆ ಎಷ್ಟು ಹಾಲಿತ್ತು ಎನ್ನುವವರೆಗೂ ಕತೆ ಕಟ್ಟುವಳು. ಒಂದು ಮಾಸ್ತಿಕಲ್ಲಿನ ಎದುರು ಮಾತ್ರ ಕತೆ ಬರುತ್ತಿರಲಿಲ್ಲ. ಗಂಡನ ಚಿತೆಯೇರಿದವಳ ನೆನಪಿಗೆ ನಿಲ್ಲಿಸಿದ ಕಲ್ಲು. ಕಂಬದಿಂದ ಹೊರಟ ಒಂದು ತೋಳು, ಮೊಣಕೈವರೆಗೆ ಬಳೆ, ಬೆರಳ ನಡುವೆ ನಿಂಬೆಹಣ್ಣು. ಊರ ಹೆಂಗಸರು ಅದಕ್ಕೆ ಅರಿಶಿನ ಹಚ್ಚಿ ಕೈಮುಗಿಯುತ್ತಿದ್ದರು. ಅತ್ತೆ ಆ ಕಲ್ಲಿನ ಬಳೆಗಳ ಮೇಲೆ ಬೆರಳಾಡಿಸಿ, "ಇವ್ಳನ್ನ ಯಾರಾದ್ರೂ ಒಂದ್ ಮಾತು ಕೇಳಿದ್ರೋ ಇಲ್ವೋ" ಎಂದಳು. ನನಗೆ ಅರ್ಥವಾಗಲಿಲ್ಲ, ಪೀಪಿ ಊದುತ್ತ ನಿಂತಿದ್ದೆ.

ಒಂದೇ ಗೇಟು ಎಂದು ತಾತ ನಂಬಿದ್ದು ತಪ್ಪು. ಹಿಂಬದಿಯಲ್ಲಿ, ಲಂಟಾನದ ಪೊದೆಯ ಹಿಂದೆ ಕಾಂಪೌಂಡು ಕುಸಿದು ಆಡು ನುಗ್ಗುವಷ್ಟು ಸಂದಿಯಿತ್ತು. ಆಚೆಗೆ ಹನೂರಿನ ರಸ್ತೆ. ಹನೂರಿನಲ್ಲಿ ಅತ್ತೆಯ ಜೊತೆ ಓದಿದ ರಾಜಮ್ಮ ಎನ್ನುವವಳು ಹೊಲಿಗೆ ಮಿಷನ್ ಇಟ್ಟುಕೊಂಡಿದ್ದಳು. ಬಂದುಬಿಡು, ಇಬ್ಬರೂ ಹೊಲಿದುಕೊಂಡಿರೋಣ ಎಂದು ಗುಟ್ಟಾಗಿ ಹೇಳಿ ಕಳಿಸಿದ್ದಳಂತೆ; ಅತ್ತೆ ಇದನ್ನು ಹೇಳಿದ್ದು ನನಗೊಬ್ಬಳಿಗೇ. ಸೀಟಿ ಊದುವ ಹೊತ್ತಿಗೆ ಸರಿಯಾಗಿ ಹನೂರಿನ ಬಸ್ಸು ಆ ದಾರಿಯಲ್ಲಿ ಬರುತ್ತಿತ್ತು, ಕೈ ಅಡ್ಡ ಹಿಡಿದರೆ ನಿಲ್ಲುತ್ತಿತ್ತು. ಅತ್ತೆ ಸಂದಿಯಲ್ಲಿ ಮುಖವಿಟ್ಟು ಅದನ್ನು ನೋಡುವಳು. ಧೂಳು ಇಳಿದ ಮೇಲೆ ನನ್ನ ಕೈ ಹಿಡಿದು ಮುಂದಿನ ಗೇಟಿಗೇ ಬರುವಳು.

ಕಬ್ಬಿನ ಕಟಾವು ಮುಗಿದ ದಿನಗಳಲ್ಲಿ ಒಂದು ಸಂಜೆ, ಪಾರ್ಕಿನ ಗೇಟಿನ ಬಳಿ ಆಡುತ್ತಿದ್ದ ನನ್ನನ್ನು ಅಜ್ಜಿ ಜಗಲಿಯಿಂದಲೇ ಕೂಗಿ, ಅತ್ತೆಯನ್ನು ಕರೆತರಲು ಹೇಳಿದಳು. ಮನೆ ಮುಂದೆ ಟ್ರ್ಯಾಕ್ಟರ್ ನಿಂತಿತ್ತು. ನಾನು ಓಡಿದೆ. ಅತ್ತೆ ಸಂದಿಯ ಹತ್ತಿರವೇ ಇದ್ದಳು. "ಕುಂತೂರಿಂದ ಬಂದವ್ರೆ ಅತ್ತೆ, ನಿನ್ನ ಕರ್ಕಂಡೋಗಕೆ" ಎಂದೆ. ಅವಳು ನನ್ನ ಕೆನ್ನೆ ಸವರಿ, ಕೆದರಿದ ಜಡೆಯನ್ನು ಬಿಚ್ಚಿ ಮತ್ತೆ ಹೆಣೆದಳು. ಅಷ್ಟು ನಿಧಾನವಾಗಿ ಯಾರೂ ನನಗೆ ಜಡೆ ಹಾಕಿರಲಿಲ್ಲ. "ನೀ ಗೇಟ್ ತಾವ ಓಗಿ ನಿಂತಿರು ಮಗ, ನಾ ಬತ್ತೀನಿ" ಎಂದಳು.

ನಾನು ಹೋಗಿ ನಿಂತೆ. ಸಿದ್ದಣ್ಣನ ಸೀಟಿ ಮರಗಳ ನಡುವೆ ದೂರವಾಗಿ ಹತ್ತಿರವಾಯಿತು. "ನಿಮ್ಮತ್ತೆ ಎಲ್ಲವ್ವ? ಬೀಗ ಆಕ್ಬೇಕು" ಎಂದು ಸರಪಳಿ ಕೈಗೆತ್ತಿಕೊಂಡ. ಬರ್ತಾಳೆ ಎಂದೆ. ತೋಪಿನ ಹಿಂದೆ ಬಸ್ಸಿನ ಸದ್ದು ಬಂತು, ನಿಂತಿತು. ಸ್ವಲ್ಪ ಹೊತ್ತಿಗೆ ಬಸ್ಸು ಮತ್ತೆ ಹೊರಟು ಹೋಯಿತು. ಆಮೇಲೆ ಇಪ್ಪೆಮರಗಳ ಕೆಳಗಿಂದ ಅತ್ತೆ ಬಂದಳು. ಸೆರಗು ಲಂಟಾನದ ಮುಳ್ಳಿಗೆ ಹರಿದಿತ್ತು, ಅಂಗೈಗೆ ಗೋಡೆಯ ಮಣ್ಣು ಮೆತ್ತಿತ್ತು. ನಾನು ಕುಣಿದಾಡಿಬಿಟ್ಟೆ. ಅಂದೇ ಅವಳನ್ನು ಕರೆದೊಯ್ದರು. ತಾತ ಸುಲಿದಿಟ್ಟ ಕಡಲೆಕಾಯಿಯನ್ನು ಅಜ್ಜಿ ಗಂಟು ಕಟ್ಟಿ ಕೊಟ್ಟಳು.

ಮುಂದೆ ಅವಳು ಕುಂತೂರು ಬಿಟ್ಟು ಹೊರಗೆ ಬಂದದ್ದು ತಾತ, ಅಜ್ಜಿಯರ ಮಣ್ಣಿಗೆ ಮಾತ್ರ. ಹೋದ ವರ್ಷ ಹಾಸಿಗೆ ಹಿಡಿದಿದ್ದಾಗ ನೋಡಲು ಹೋಗಿದ್ದೆ. ಮನೆಯಲ್ಲಿ ಯಾರೂ ಇಲ್ಲದ ಹೊತ್ತು. ಇಷ್ಟು ವರ್ಷ ನುಂಗಿಕೊಂಡಿದ್ದನ್ನು ಕೇಳಿಯೇಬಿಟ್ಟೆ: ಬಸ್ಸು ನಿಂತಿತ್ತಲ್ಲ ಅತ್ತೆ, ಯಾಕೆ ಹತ್ತಲಿಲ್ಲ? ಅವಳು ಸೊಟ್ಟ ಕೈಯಲ್ಲಿ ನನ್ನ ಜಡೆ ಹುಡುಕಿದಳು. ಈಗ ಅಲ್ಲಿರುವುದು ಗೇಣುದ್ದದ ಕೂದಲು. "ಒಂದ್ ಕಾಲು ಆಚೆಗಿಟ್ಟಿದ್ದೆ ಕಣ್ ಮಗ. ನಿನ್ನ ಗೇಟ್ ತಾವ ನಿಲ್ಸಿ ಬಂದಿದ್ನಲ್ಲ. ನಾ ಬರ್ನಿಲ್ಲ ಅಂದ್ರೆ ನೀ ಎಷ್ಟೊತ್ತು ಅಂತ ನಿಂತಿರ್ತಿದ್ದೆ?" ಎಂದು, ಹಳೆಯ ತಮಾಷೆಯೊಂದನ್ನು ನೆನೆದವಳಂತೆ ನಕ್ಕಳು. ನನಗೆ ಅಲ್ಲಿ ಅಳುವುದಕ್ಕೂ ಆಗಲಿಲ್ಲ.

ಅವಳ ತಿಥಿ ಮುಗಿಸಿ ಬರುವಾಗ ಪಾರ್ಕಿಗೆ ಹೋದೆ. ಹಿಂದಿನ ಸಂದಿಯನ್ನು ಸಿಮೆಂಟಿನಿಂದ ಮುಚ್ಚಿ ಮೇಲೆ ಮುಳ್ಳುತಂತಿ ಎಳೆದಿದ್ದಾರೆ. ಮಾಸ್ತಿಕಲ್ಲಿನ ಸುತ್ತ ಕಬ್ಬಿಣದ ಕಂಬಿ. ಬಳೆಗಳಿಗೆ ಕೈ ಎಟುಕುವುದಿಲ್ಲ. ಸೀಟಿ ಆಯಿತು. ಹೊಸ ವಾಚ್‌ಮನ್ ಇನ್ನೂ ಹುಡುಗ. ನಾನು ಗೇಟಿನ ಬಳಿಯೇ ನಿಂತಿದ್ದುದನ್ನು ಕಂಡು, "ಯಾರಾರ ಒಳಗವ್ರಾ ಮೇಡಂ?" ಎಂದ. ಇಲ್ಲಪ್ಪ ಎಂದೆ. ಅವನು ಬೀಗ ಹಾಕಿಕೊಂಡು ಹೋದ ಮೇಲೂ ನಾನು ಅಲ್ಲೇ ನಿಂತಿದ್ದೆ.