‘ಮುಟ್ಟಬೇಡಿ’ ಎಂದು ಬರೆದ ತೊಟ್ಟಿಲು

ನಿವೃತ್ತನಾದ ಮೇಲೆ ನನಗೆ ಕ್ಯಾಮೆರಾದ ಹುಚ್ಚು ಹಿಡಿಯಿತು. ನವಲಗುಂದದ ಸುತ್ತಮುತ್ತಲಿನ ಶಾಲೆಗಳಲ್ಲಿ ಇಡೀ ನೌಕರಿ ಇತಿಹಾಸ ಕಲಿಸುತ್ತ ಕಳೆದವನಿಗೆ, ಊರಿನ ಹಳೆಯದೆಲ್ಲ ತನ್ನ ಸುಪರ್ದಿಯಲ್ಲೇ ಇದೆ ಎಂಬ ಭ್ರಮೆ ಬಹಳ ಸುಲಭವಾಗಿ ಬರುತ್ತದೆ. ಧಾರವಾಡದ ಒಂದು ವಸ್ತುಸಂಗ್ರಹಾಲಯದಲ್ಲಿ ನಿಸರ್ಗ ಮತ್ತು ಸಂಸ್ಕೃತಿಯ ಅಪರೂಪದ ಅಚ್ಚರಿಗಳ ಫೋಟೋ ಪ್ರದರ್ಶನವಿದೆ, ಆಸಕ್ತರು ಚಿತ್ರ ಕಳಿಸಬಹುದು ಎಂದು ಪೇಪರಿನಲ್ಲಿ ಬಂದಾಗ, ಆ ಆಸಕ್ತರು ಎಂದರೆ ನಾನೊಬ್ಬನೇ ಅಂದುಕೊಂಡೆ.

ಮೊದಲು ನಿಸರ್ಗಕ್ಕೆ ಕೈ ಹಾಕಿದೆ. ನಾಲ್ಕು ದಿನ ನಸುಕಿನಲ್ಲೆದ್ದು ಎರೆಹೊಲಗಳಲ್ಲಿ ಕೆಸರು ಮೆತ್ತಿಕೊಂಡು ಅಲೆದು ಚಿಗರಿ ಜಿಂಕೆಗಳ ಹಿಂಡಿನ ಫೋಟೋ ತೆಗೆದೆ. ದೊಡ್ಡದು ಮಾಡಿ ನೋಡಿದರೆ ಕಡಲೆ ಹೊಲದ ಅಂಚಿನಲ್ಲಿ ಐದು ಚುಕ್ಕೆಗಳಿದ್ದವು. ಆ ಹೊಲದ ಒಡೆಯನಿಗೆ ಹೆಮ್ಮೆಯಿಂದ ತೋರಿಸಿದೆ. ಅವು ತನ್ನ ಆಡುಗಳೆಂದು ಆತ ಗುರುತು ಹಿಡಿದ.

ಹೀಗಾಗಿ ನಿಸರ್ಗವನ್ನು ಬಿಟ್ಟು ಸಂಸ್ಕೃತಿಗೆ ಬಂದೆ. ಅದಕ್ಕೆ ಹೊಲ ಸುತ್ತಬೇಕಾಗಿಲ್ಲ, ಮನೆಯ ಅಟ್ಟ ಹತ್ತಿದರೆ ಸಾಕು. ಅಲ್ಲಿ ನಮ್ಮ ಅಜ್ಜಿಯ ಕಾಲದ ಕಲಘಟಗಿ ತೊಟ್ಟಿಲಿತ್ತು. ಅರಗಿನ ಕೆಂಪು, ಹಳದಿ, ಹಸಿರು ಬಣ್ಣ ಇನ್ನೂ ಹೊಳೆಯುತ್ತಿತ್ತು. ಓಣಿಯಲ್ಲಿ ಯಾರ ಮನೆಯಲ್ಲಿ ಹಡೆದರೂ ತೊಟ್ಟಿಲು ನಮ್ಮ ಮನೆಯಿಂದಲೇ ಹೋಗುತ್ತಿತ್ತು. ಕೂಸು ದೊಡ್ಡದಾದ ಮೇಲೆ ತೊಳೆದು ತಂದುಕೊಡುತ್ತಿದ್ದರು. ಜಾತಿ ಧರ್ಮದ ಮಾತು ಅದರಲ್ಲಿ ಎಂದೂ ಬಂದಿರಲಿಲ್ಲ.

ಅದನ್ನು ಪಡಸಾಲೆಯ ತೊಲೆಗೆ ಕಟ್ಟಿ, ತೂಗಿಬಿಟ್ಟು, ಕ್ಯಾಮೆರಾದ ಕಡೆ ಓಡುವುದು ನನ್ನ ಯೋಜನೆ. ತೂಗಾಟವೂ ಚಿತ್ರದಲ್ಲಿ ಬರಬೇಕಿತ್ತು. ಹೆಂಡತಿ ಒಳಗಿನಿಂದ ಒರಳಿನ ಗುಂಡಕಲ್ಲನ್ನು ಕೂಸಿನ ಕುಂಚಿಗೆಯಲ್ಲಿ ಸುತ್ತಿ ತಂದು ತೊಟ್ಟಿಲಲ್ಲಿ ಮಲಗಿಸಿದಳು. ಖಾಲಿ ತೊಟ್ಟಿಲು ತೂಗಬಾರದಂತೆ. ಕಲ್ಲಿನಿಂದ ಕಲೆ ಮುಚ್ಚಿಹೋಗುತ್ತದೆ ಎಂದು ನಾನು ಅದನ್ನು ತೆಗೆದು ಬದಿಗಿಟ್ಟೆ. ಅವಳು ಎರಡು ಸಲ ಬೇಡವೆಂದಳು. ಮೂರನೆಯ ಸಲ ಹೇಳುವುದು ಅವಳ ಪದ್ಧತಿಯಲ್ಲ.

ಚಿತ್ರ ಆಯ್ಕೆಯಾಯಿತು ಎಂದು ಪತ್ರ ಬಂದದ್ದೇ ತಡ, ನನ್ನ ತಲೆ ನಿಲ್ಲಲಿಲ್ಲ. ತೊಟ್ಟಿಲನ್ನು ಅಟ್ಟಕ್ಕೆ ಏರಿಸದೆ ಪಡಸಾಲೆಯಲ್ಲೇ ಬಿಟ್ಟೆ. ‘ದಯವಿಟ್ಟು ಮುಟ್ಟಬೇಡಿ’ ಎಂದು ದುಂಡಗೆ ಬರೆದು ಅದಕ್ಕೆ ಅಂಟಿಸಿದೆ. ನಮ್ಮ ಮನೆಯಲ್ಲಿ ಅದನ್ನು ಓದಲು ಇದ್ದವರು ನಾವಿಬ್ಬರೇ.

ಅದೇ ವಾರ ಎದುರು ಮನೆಯಾಕೆ ಬಂದಳು. ಜಮಖಾನೆ ನೇಯುವ ಮುಸ್ಲಿಮರ ಮನೆ ಅವರದು. ಆಕೆ ನನಗಿಂತ ಎರಡು ವರ್ಷ ಹಿರಿಯಳು. ಅವಳು ಮಲಗಿ ಎದ್ದ ತೊಟ್ಟಿಲಲ್ಲೇ ನಾನು ಮಲಗಿದ್ದು. ಮಗಳು ಚೊಚ್ಚಲ ಹೆರಿಗೆಗೆ ಬಂದಿದ್ದಳು, ಗಂಡು ಕೂಸು. ನಲವತ್ತು ದಿನ ಕಳೆದೊಡನೆ ಸೊಲ್ಲಾಪುರಕ್ಕೆ, ಗಂಡನ ಮನೆಗೆ ಹೋಗುವವಳು.

“ನಾನೂ ಅದರಾಗ ಮಲಗೇನ್ರಿ, ನನ್ನ ಮಗಳೂ ಮಲಗ್ಯಾಳ. ಈ ಕೂಸೂ ನಾಕು ದಿನ ಮಲಗಿ ಹೋಗ್ಲಿ ಅಂತ ಆಸೆ ನೋಡ್ರಿ ಸರ್,” ಎಂದಳು.

ನಾನು ಪಾಠ ಶುರು ಮಾಡಿದೆ. ಅರಗಿನ ಬಣ್ಣ, ಎಣ್ಣೆ, ಉಚ್ಚೆ, ಪರಂಪರೆ, ಸಂರಕ್ಷಣೆ, ಎಲ್ಲವನ್ನೂ ಹೇಳಿದೆ. ಪ್ರದರ್ಶನ ಮುಗಿಯಲಿ, ನೋಡೋಣ ಎಂದೆ. ಆಕೆ ತೊಟ್ಟಿಲ ಮೇಲಿನ ಕಾಗದವನ್ನು ನೋಡಿದಳು, ಹೌದ್ರಿ ಎಂದು ಎದ್ದಳು. ನನ್ನ ಹೆಂಡತಿ ತನ್ನ ಒಂದು ಮೆತ್ತನೆಯ ಸೀರೆ ತಂದು ಕೂಸನ್ನು ತೂಗಲು ಜೋಳಿಗೆ ಕಟ್ಟಿಕೊಳ್ಳಲಿ ಎಂದು ಆಕೆಯ ಕೈಗಿಟ್ಟಳು. ಆಮೇಲೆ ಎರಡು ದಿನ ನನ್ನೊಡನೆ ಊಟಕ್ಕೆ ಬಡಿಸುವಷ್ಟೇ ಮಾತಾಡಿದಳು.

ಪ್ರದರ್ಶನಕ್ಕೆ ಇಬ್ಬರೂ ಮೊರಬದ ಮೇಲೆ ಧಾರವಾಡಕ್ಕೆ ಹೋಗುವ ಮುಂಜಾನೆಯ ಬಸ್ಸು ಹಿಡಿದೆವು. ಅಲ್ಲಿ ಹಿಮದ ಗುಹೆಗಳಿದ್ದವು, ರಾತ್ರಿ ಹೊಳೆಯುವ ಅಣಬೆಗಳಿದ್ದವು, ಮರದ ಮುಖವಾಡ ತೊಟ್ಟು ಕುಣಿಯುವ ಜನರಿದ್ದರು. ನನ್ನ ತೊಟ್ಟಿಲು ಕೊನೆಯ ಗೋಡೆಗೆ, ಸ್ವಿಚ್‌ಬೋರ್ಡಿನ ಬಾಜೂಕ್ಕಿತ್ತು. ಇಸ್ತ್ರಿ ಅಂಗಿ ತೊಟ್ಟು ನಾನು ಅದರ ಪಕ್ಕ ಎರಡು ತಾಸು ನಿಂತೆ. ಮೂವರು ನನ್ನನ್ನು ಮಾತಾಡಿಸಿದರು. ಇಬ್ಬರಿಗೆ ಶೌಚಾಲಯ ಎಲ್ಲಿದೆಯೆಂದು ತಿಳಿಯಬೇಕಿತ್ತು, ಒಬ್ಬರಿಗೆ ಫ್ಯಾನು ಹಚ್ಚಬೇಕಿತ್ತು. ಹಚ್ಚಿಕೊಟ್ಟೆ.

ಚಿತ್ರದ ಕೆಳಗಿನ ಸಾಲುಗಳು ನಾನೇ ಬರೆದು ಕಳಿಸಿದವು. ಹೆಂಡತಿ ಕನ್ನಡಕ ಏರಿಸಿಕೊಂಡು ಓದಿದಳು: ‘ಒಂದು ಕಾಲದಲ್ಲಿ ಓಣಿಯ ಕೂಸುಗಳೆಲ್ಲ ಈ ತೊಟ್ಟಿಲಲ್ಲಿ ಮಲಗುತ್ತಿದ್ದವು. ಈಗ ಬಳಕೆಯಲ್ಲಿಲ್ಲ.’

“ಬಳಕಿ ಯಾವಾಗ ನಿಂತಿತ್ರಿ?” ಎಂದು ಕೇಳಿದಳು. ನಾನು ಸ್ವಿಚ್‌ಬೋರ್ಡು ನೋಡತೊಡಗಿದೆ. “ಹೋದ ತಿಂಗಳಲ್ರಿ?”

ನಿಂತ ನೆಲ ಬಾಯ್ಬಿಡಬಾರದೇ ಅನ್ನಿಸಿತು. ಅಷ್ಟು ಜನರ ನಡುವೆ ಅದು ಬಾಯ್ಬಿಡಲಿಲ್ಲ. ಊರು ಮುಟ್ಟುವವರೆಗೂ ನಾನು ಬಸ್ಸಿನ ಕಿಟಕಿಯಾಚೆ ನೋಡುತ್ತಲೇ ಕೂತೆ.

ಮರುದಿನ ಬೆಳಗಾದೊಡನೆ ಕಾಗದ ಕಿತ್ತೆ. ತೊಟ್ಟಿಲನ್ನು ಬಿಚ್ಚಿ, ಒರೆಸಿ, ಹೊತ್ತುಕೊಂಡು ಓಣಿ ದಾಟಿದೆ. ಎದುರು ಮನೆಯಾಕೆ ಮಗ್ಗದ ಮುಂದೆ ಕೂತಿದ್ದಳು. ತೊಲೆಯಲ್ಲಿ ಜೋಳಿಗೆ ಇರಲಿಲ್ಲ. ನನ್ನ ಹೆಂಡತಿಯ ಸೀರೆ ಒಗೆದು, ಮಡಿಚಿ, ಮರಳಿಸಲು ತಯಾರಾಗಿತ್ತು.

“ನಿನ್ನೆ ಹೋದ್ಲ್ರಿ ಸರ್. ನಿಮ್ಮ ಬಸ್ಸಿನ ಹಿಂದ ಬಂದ ಬಸ್ಸಿಗೆ,” ಎಂದಳು.

ನನ್ನಿಂದ ತಪ್ಪಾಯಿತು ಎಂದೆ. ಇಷ್ಟು ವರ್ಷ ಮಕ್ಕಳಿಂದ ಹೇಳಿಸಿದ ಆ ಮಾತು ನನ್ನ ಬಾಯಿಗೆ ಸರಿಯಾಗಿ ಬರಲಿಲ್ಲ. ಆಕೆ ಎದ್ದು ಬಂದು ತೊಟ್ಟಿಲ ಅಂಚಿನ ಮೇಲೆ ಕೈಯಾಡಿಸಿದಳು, ಫೋಟೋ ಚಲೋ ಬಂದಿದೆಯಂತಲ್ಲ ಎಂದು ಕೇಳಿದಳು. ಅದರಲ್ಲಿ ಕೊಂಕು ಇರಲಿಲ್ಲ, ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

“ಇರ್ಲಿ ಬಿಡ್ರಿ. ಎರಡನೇ ಕೂಸಿಗೆ ಬಂದು ಕೇಳ್ತೀನಿ. ಆವಾಗಾದ್ರೂ ಕೊಡ್ತೀರಲ್ರಿ?”

ಕೊಡುತ್ತೇನೆ ಎಂದೆ. ನಮ್ಮ ಅವ್ವನನ್ನು ಈ ಓಣಿಯಲ್ಲಿ ಯಾರೂ ಹೀಗೆ ಕೇಳಿರಲಿಲ್ಲ. ಯಾರಿಗೋ ದಿನ ತುಂಬಿದೆ ಎಂದು ತಿಳಿದ ಕೂಡಲೇ ಅವಳೇ ತೊಟ್ಟಿಲು ಇಳಿಸಿ, ತೊಳೆದು, ಹೊತ್ತುಕೊಂಡು ಹೋಗಿ ಕೊಟ್ಟು ಬರುತ್ತಿದ್ದಳು.