ಅಕ್ಕ ಉಸಿರು ಬಿಗಿಹಿಡಿದ ಬೆಳಿಗ್ಗೆ

ಇಪ್ಪತ್ತೆರಡು ವರ್ಷ ಮನೆಮನೆ ತಿರುಗಿ ಕರೆಂಟಿನ ಮೀಟರ್ ಓದಿದವನನ್ನು ಬೀದಿಯವರೆಲ್ಲ ಮೀಟರಣ್ಣ ಎಂದೇ ಕರೆಯುತ್ತಿದ್ದರು. ಮೀಟರ್ ಪೆಟ್ಟಿಗೆ ತೆರೆದರೆ ಒಳಗೊಂದು ಜೇಡ ಇದ್ದೇ ಇರುತ್ತಿತ್ತು. ಮಿಕ್ಕವರು ಗುಡಿಸಿ ಹಾಕುತ್ತಿದ್ದರು. ಇವನು ಮಾತ್ರ ಅಂಕಿ ಬರೆದುಕೊಂಡು, ಬಲೆ ಹರಿಯದಂತೆ ಮೆಲ್ಲಗೆ ಮುಚ್ಚಿ ಬರುತ್ತಿದ್ದ. ಒಮ್ಮೆ ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ಕ್ಯಾಮೆರಾ ಕೊಂಡ. ಲೆನ್ಸನ್ನು ಹಿಂದುಮುಂದಾಗಿ ಕೂರಿಸಿದರೆ ಸಾಸಿವೆಯಷ್ಟು ಹುಳವೂ ಅಂಗೈಯಗಲ ಕಾಣುತ್ತದೆ ಎಂದು ಗೊತ್ತಾದ ಮೇಲಂತೂ ಅವನಿಗೆ ಹುಚ್ಚೇ ಹಿಡಿಯಿತು.

ಅವನು ಮದುವೆಯಾಗಲಿಲ್ಲ. ಗಂಡನನ್ನು ಕಳೆದುಕೊಂಡ ಅಕ್ಕ, ಅವಳ ಮಗಳು, ಇವನು, ಇಷ್ಟೇ ಮನೆ. ಅಕ್ಕ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದಳು.

"ಹೆಣ್ಣು ನೋಡೋ ಅಂದ್ರೆ ಜೇಡ ನೋಡ್ಕೊಂಡು ಬರ್ತೀಯಲ್ಲೋ! ಅದಕ್ಕೆ ಎಂಟು ಕಾಲು, ನಿನ್ನ ಬಿಟ್ಟು ಓಡೋಕೂ ಸುಲಭ" ಎಂದು ಗೇಲಿ ಮಾಡುತ್ತಲೇ, ಫ್ಲಾಶಿನ ಬೆಳಕು ಹುಳದ ಕಣ್ಣಿಗೆ ಹೊಡೆಯದಿರಲಿ ಎಂದು ಅಸ್ತರಿನ ಬಿಳಿ ಬಟ್ಟೆಯಲ್ಲಿ ಅದಕ್ಕೊಂದು ಗವಸು ಹೊಲಿದುಕೊಟ್ಟಿದ್ದಳು.

ಐವತ್ತು ದಾಟುತ್ತಿದ್ದಂತೆ ಅವನ ಬಲಗೈ ನಡುಗತೊಡಗಿತು. ಈ ನಡುಕ ಹೋಗುವಂಥದ್ದಲ್ಲ ಎಂದರು ಡಾಕ್ಟರು. ಆಫೀಸಿನವರು ಮೇಜಿನ ಕೆಲಸಕ್ಕೆ ಹಾಕಿದರು. ಈ ಬಗೆಯ ಚಿತ್ರದಲ್ಲಿ ಕೂದಲೆಳೆಯಷ್ಟು ಅಲುಗಿದರೂ ಹುಳದ ಕಣ್ಣು ಮಸುಕಾಗುತ್ತದೆ. ಅವನು ಕ್ಯಾಮೆರಾವನ್ನು ಬೀರುವಿಗೆ ಸೇರಿಸಿಬಿಟ್ಟ. ಅಕ್ಕನೇ ಅದನ್ನು ಹೊರತೆಗೆದಳು.

"ನೀನು ಹುಡುಕು, ನಾನು ಬಟನ್ ಒತ್ತೀನಿ. ಮೂವತ್ತು ವರ್ಷದಿಂದ ಸೂಜಿಗೆ ದಾರ ಪೋಣಿಸ್ತಿರೋ ಕೈ ಇದು."

ಅಂದಿನಿಂದ ದಿನಾ ಬೆಳಿಗ್ಗೆ, ಬಿಸಿಲೇರಿ ಹುಳಗಳು ಚುರುಕಾಗುವ ಮೊದಲೇ, ಬಸ್ ಡಿಪೋದ ಹಿಂದಿನ ಖಾಲಿ ಜಾಗದಲ್ಲಿ ಇಬ್ಬರೂ ಹಾಜರು. ಅವನು ಎಲೆಯೆಲೆ ತಡಕುತ್ತಿದ್ದ. ಅವಳು ಮಂಡಿಯೂರಿ, ಉಸಿರು ಬಿಗಿಹಿಡಿದು ಒತ್ತುತ್ತಿದ್ದಳು.

ಆ ಬೆಳಿಗ್ಗೆ ಸಿಕ್ಕಿದ್ದು ಅಕ್ಕಿಕಾಳಿನಷ್ಟು ಪುಟ್ಟದೊಂದು ಜಿಗಿಯುವ ಜೇಡ, ತಲೆಯ ಮೇಲೆ ಒಂದು ಹನಿ ಇಬ್ಬನಿ ಹೊತ್ತು ಬೆನ್ನು ತಿರುಗಿಸಿ ಕೂತಿತ್ತು.

"ಯಾಕೋ ಎದೆ ಹಿಡ್ಕೊಂಡ ಹಾಗಾಗ್ತಿದೆ ಕಣೋ. ಹೋಗೋಣ್ವಾ?" ಎಂದಳು ಅಕ್ಕ.

"ಇನ್ನೊಂದೇ ಒಂದು, ಅಕ್ಕ. ಅದು ಈ ಕಡೆ ತಿರುಗ್ಲಿ."

ಅವಳು ಮತ್ತೆ ಮಂಡಿಯೂರಿದಳು. ಹತ್ತು ನಿಮಿಷ ಹಾಗೇ ಕಾದಳು. ಜೇಡ ತಿರುಗಿತು, ಅವಳು ಒತ್ತಿದಳು. ಕ್ಯಾಮೆರಾದ ಪರದೆಯಲ್ಲಿ ಹನಿಯ ಕೆಳಗಿಂದ ಎರಡು ದೊಡ್ಡ ಕಪ್ಪು ಕಣ್ಣುಗಳು ಅವರನ್ನೇ ದಿಟ್ಟಿಸುತ್ತಿದ್ದವು. ಇಬ್ಬರೂ ಮಕ್ಕಳ ಹಾಗೆ ನಕ್ಕರು.

ಮಧ್ಯಾಹ್ನ ಅರ್ಧ ಹೊಲಿದ ರವಿಕೆಯ ತೋಳು ಸೂಜಿಯಡಿ ಇರುವಾಗಲೇ ಅಕ್ಕ ಮಿಷನ್ನಿನ ಮೇಲೆ ತಲೆಯಿಟ್ಟಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಆ ಹತ್ತು ನಿಮಿಷದ ಮಾತನ್ನು ಅವನು ಯಾರಿಗೂ ಹೇಳಲಿಲ್ಲ. ಆರು ತಿಂಗಳು ಮೂಕನಂತೆ ಉಂಡ, ಮಲಗಿದ, ಆಫೀಸಿಗೆ ಹೋಗಿಬಂದ. ಮಾಮ ಹೀಗೇ ಕೊರಗಿ ಹೋಗಿಬಿಡುತ್ತಾನೆ ಎಂದು ಹೆದರಿ, ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಅಕ್ಕನ ಮಗಳು ಆ ಜೇಡದ ಚಿತ್ರವನ್ನೇ ಅವನ ಹೆಸರಿನಲ್ಲಿ ಫೋಟೋ ಪ್ರದರ್ಶನವೊಂದಕ್ಕೆ ಕಳಿಸಿದಳು. ಅದು ಆಯ್ಕೆಯೂ ಆಯಿತು. ಬಲವಂತದಿಂದ ಅವನನ್ನು ಕರೆದೊಯ್ದಳು.

"ಏನು ಕೈ ಸಾರ್ ನಿಮ್ದು! ಒಂಚೂರೂ ಅಲುಗಾಡಿಲ್ಲ" ಎಂದರು ಯಾರೋ ಹಿರಿಯರು.

ಅವನು ನಡುಗುವ ಕೈಯನ್ನು ಜೇಬಿಗೆ ತುರುಕಿ ಹೊರಗೆ ಬಂದು ಮೆಟ್ಟಿಲ ಮೇಲೆ ಕುಸಿದ. ಹಿಂದೆಯೇ ಓಡಿಬಂದ ಹುಡುಗಿಗೆ ಎಲ್ಲವನ್ನೂ ಹೇಳಿಬಿಟ್ಟ. "ಹೋಗೋಣ ಅಂದ್ಲಮ್ಮ ಅವಳು. ನಾನೇ ಬಿಡಲಿಲ್ಲ. ನನ್ನ ಕೈಯಾರೆ ಕಳ್ಕೊಂಡೆ."

ಬೈಯುತ್ತಾಳೆ ಎಂದುಕೊಂಡಿದ್ದ. ಅವಳು ಅವನ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತಳು.

"ಎದೆನೋವು ಅಂತ ಅಮ್ಮ ಹಿಂದಿನ ದಿನಾನೇ ನಂಗೆ ಹೇಳಿದ್ಲು, ಮಾಮ. ಗ್ಯಾಸ್ ಇರ್ಬೇಕು ಅಂತ ಮಾತ್ರೆ ಕೊಟ್ಟು ಕೆಲಸಕ್ಕೆ ಹೋದೆ. ನಿಮಗೆ ಹೇಗೆ ಹೇಳ್ಲಿ ಅಂತ..."

ಒಂದೇ ಮನೆಯಲ್ಲಿ ಎದುರುಬದುರು ಕೂತು ಉಂಡ ಇಬ್ಬರೂ ಆರು ತಿಂಗಳು ಇದನ್ನೇ ಬಚ್ಚಿಟ್ಟುಕೊಂಡಿದ್ದರು. ಮೀಟರಣ್ಣ ಅವಳ ತಲೆಯನ್ನು ಹೆಗಲಿಗೆ ಒತ್ತಿಕೊಂಡು, ಬಂದುಹೋಗುವವರ ಮುಂದೆಯೇ ಬಿಕ್ಕಿಬಿಕ್ಕಿ ಅತ್ತ. ಆಮೇಲೆ ಒಳಗೆ ಹೋಗಿ, ಚಿತ್ರದ ಕೆಳಗೆ ತನ್ನ ಹೆಸರು ತೆಗೆಸಿ ಅಕ್ಕನ ಹೆಸರು ಬರೆಸಿದ.

ಪ್ರದರ್ಶನ ಮುಗಿದು ಚಿತ್ರ ಮನೆಗೆ ಬಂತು. ಗೋಡೆಗೆ ಹಾಕೋಣ ಎಂದು ಅವನೂ ಅನ್ನಲಿಲ್ಲ, ಅವಳೂ ಅನ್ನಲಿಲ್ಲ. ಸುತ್ತಿದ ಕಾಗದ ಬಿಚ್ಚದೆ ಮುಂದಿನ ಕೋಣೆಯ ಮೂಲೆಗೆ ಒರಗಿಸಿಟ್ಟರು. ಇವತ್ತಿಗೂ ಅಲ್ಲೇ ಇದೆ.