ಅಣ್ಣನ ಆಂಪ್‌ಗೆ ಮೂರನೆಯ ವೈರು

ಮಹಡಿ ಮೆಟ್ಟಿಲ ಕೆಳಗಿನ ಕಿರುಕೋಣೆಯಲ್ಲಿ ರೇಡಿಯೋ, ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳ ನಡುವೆ ಕುಳಿತು ರಿಪೇರಿ ಮಾಡುವ ಹೆಂಗಸನ್ನು ಬೀದಿಯವರೆಲ್ಲ ಫ್ಯೂಸಕ್ಕ ಎಂದೇ ಕರೆಯುತ್ತಿದ್ದರು. ಫ್ಯೂಸು ಕಟ್ಟುವುದರಲ್ಲಿ ಪಳಗಿದ ಕೈ ಎಂಬುದು ಒಂದು ಕಾರಣ. ಅವಳ ಫ್ಯೂಸೇ ಬೇಗ ಹಾರುತ್ತದೆ ಎಂಬುದು ಇನ್ನೊಂದು. ಅದನ್ನು ಯಾರೂ ಅವಳೆದುರು ಹೇಳುತ್ತಿರಲಿಲ್ಲ. ರೇಡಿಯೋ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಬೆಸುಗೆ ಹಾಕಿದವಳು. ಕಾರ್ಖಾನೆ ಮುಚ್ಚಿದ ಮೇಲೆ ಈ ಅಂಗಡಿ.

ಅವಳ ಕೋಪದಲ್ಲಿ ಮುಕ್ಕಾಲು ಪಾಲು ಖರ್ಚಾಗುತ್ತಿದ್ದುದು ಸ್ವಂತ ಅಣ್ಣನ ಮೇಲೆ. ಹಗಲು ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಆತ ಸಂಜೆ ಸಭಾಂಗಣಗಳಲ್ಲಿ ಗಿಟಾರ್ ನುಡಿಸುತ್ತಿದ್ದ. ಅವನ ಬಳಿ ಒಂದು ಹಳೆಯ ಆಂಪ್ ಇತ್ತು. ಗಿಟಾರಿನ ಸಣ್ಣ ದನಿಯನ್ನು ದೊಡ್ಡದು ಮಾಡುವ, ಒಳಗೆ ಗಾಜಿನ ವಾಲ್ವ್‌ಗಳು ಕೆಂಪಗೆ ಉರಿಯುವ ಪೆಟ್ಟಿಗೆ. ಅದಕ್ಕೆ ಕರೆಂಟು ಬರುತ್ತಿದ್ದುದು ಎರಡೇ ಪಿನ್ನಿನ ಸವಕಲು ವೈರಿನಲ್ಲಿ. ಕಬ್ಬಿಣದ ಮೈಗೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ಥ್ ವೈರು ಇರಲೇ ಇಲ್ಲ. ಗಿಟಾರಿನ ತಂತಿ ಹಿಡಿದು ಮೈಕಿಗೆ ತುಟಿ ತಾಗಿಸಿದರೆ ಚುರ್ ಎನ್ನುತ್ತಿತ್ತು.

"ಮೈಕು ಮುತ್ತು ಕೊಡ್ತದೆ ಕಣೇ, ನಿನಗ್ಯಾಕೆ ಹೊಟ್ಟೆಕಿಚ್ಚು?" ಎಂದು ಅಣ್ಣ ನಗುತ್ತಿದ್ದ.

"ಒಂದಿನ ಅಪ್ಪಿಕೊಂಡು ಬಿಡೋದೇ ಇಲ್ಲ, ಆಗ ನಗು. ಅದರ ವೈರಿಂಗ್ ಬದಲಾಯಿಸಿಕೊಡ್ತೀನಿ, ತಂದು ಕೊಡಣ್ಣ."

"ಒಳಗೆ ಕೈ ಹಾಕಿದ್ರೆ ಸೌಂಡ್ ಕೆಡುತ್ತೆ."

ಎಲ್ಲರೂ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತಾರೆ, ನಮ್ಮಣ್ಣನ ಮೊಲಕ್ಕೆ ಎರಡೇ ಕಾಲು ಎಂದು ಅವಳು ಹಣೆ ಚಚ್ಚಿಕೊಳ್ಳುತ್ತಿದ್ದಳು. ವರ್ಷಗಳು ಕಳೆದವು. ಕೋಣನ ಮುಂದೆ ಕಿನ್ನರಿ ಬಾರಿಸಿದ್ದೇ ಬಂತು. ಇಲ್ಲಿ ಕಿನ್ನರಿ ಬಾರಿಸುವವನೇ ಕೋಣ.

ಒಂದು ಭಾನುವಾರ ಅಣ್ಣನ ಮಗಳು ಮನೆಯಲ್ಲಿ ಹಾಡು ಅಭ್ಯಾಸ ಮಾಡುತ್ತಿದ್ದಳು. ಬರಿಗಾಲು, ಆಗ ತಾನೇ ಒರೆಸಿದ ನೆಲ. ಆಂಪ್‌ಗೆ ಸಿಕ್ಕಿಸಿದ್ದ ಅಪ್ಪನ ಗಿಟಾರನ್ನು ಎತ್ತಿಕೊಂಡವಳೇ ಕಿರುಚಿ ಗೋಡೆಗೆ ಹೋಗಿ ಬಿದ್ದಳು. ಜೀವಕ್ಕೇನೂ ಆಗಲಿಲ್ಲ. ಮೊಣಕೈ ಒಡೆಯಿತು, ಬೆರಳ ತುದಿ ಸುಟ್ಟಿತು. ಅತ್ತಿಗೆ ಆ ಭಾರದ ಪೆಟ್ಟಿಗೆಯನ್ನು ತಾನೇ ಹೊತ್ತು ತಂದು ಫ್ಯೂಸಕ್ಕನ ಮೇಜಿನ ಮೇಲೆ ಧಡ್ಡನೆ ಇಟ್ಟಳು.

"ಸರಿ ಮಾಡೋದಾದ್ರೆ ಮಾಡಿ. ಇಲ್ಲ ಅಂದ್ರೆ ನಾನೇ ಒಡೆದು ಹಾಕ್ತೀನಿ."

ಹಿಂದೆಯೇ ಅಣ್ಣನೂ ಬಂದು ಬಾಗಿಲಲ್ಲಿ ನಿಂತ. ಮುಖ ಬಾಡಿತ್ತು, ಬಾಯಿ ಮಾತ್ರ ಸುಮ್ಮನಿರಲಿಲ್ಲ. "ನೋಡ್ಕೊಂಡು ಮಾಡೇ. ಹಳೇದು."

ಫ್ಯೂಸಕ್ಕ ಹಿಂಬದಿಯ ಸ್ಕ್ರೂಗಳನ್ನು ಬಿಚ್ಚಿದಳು. ಅರ್ಧಕ್ಕೆ ತುಕ್ಕು, ಒಂದಂತೂ ತಲೆ ಸವೆದು ತಿರುಗಲೇ ಒಲ್ಲದು. ಬೈದು, ಎಣ್ಣೆ ಬಿಟ್ಟು, ಇನ್ನಷ್ಟು ಬೈದು ತೆಗೆದಳು. ಪ್ಲಗ್ ಕಿತ್ತಿಟ್ಟರೂ ಒಳಗಿನ ದೊಡ್ಡ ಕೆಪಾಸಿಟರ್‌ಗಳು ಕರೆಂಟು ಹಿಡಿದಿಟ್ಟುಕೊಂಡಿರುತ್ತವೆ. ಹಾಗಾಗಿ ಎದೆಯ ಮೂಲಕ ಕರೆಂಟು ಹಾಯದಂತೆ ಒಂದು ಕೈ ಬೆನ್ನ ಹಿಂದೆ ಇಟ್ಟುಕೊಂಡು, ಕ್ಲಿಪ್ಪು ಕಟ್ಟಿದ ರೆಸಿಸ್ಟರ್ ತಾಗಿಸಿ ಅವನ್ನು ಬರಿದು ಮಾಡಿದಳು. ಮೀಟರಿನ ಮುಳ್ಳು ಸೊನ್ನೆಗೆ ಇಳಿದದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಒಳಗೆ ಬೆರಳಿಟ್ಟದ್ದು.

ಆಮೇಲೆ ಫ್ಯೂಸಿನ ಮುಚ್ಚಳ ತಿರುಗಿಸಿದಳು. ಎಷ್ಟೇ ಕರೆಂಟು ಹರಿದರೂ ಹಾರದ ಹಾಗೆ ಫ್ಯೂಸಿಗೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಲಾಗಿತ್ತು.

"ಇದ್ಯಾರ ಬುದ್ಧಿವಂತಿಕೆ?"

ಅಣ್ಣ ಬೀದಿಯ ಕಡೆ ನೋಡಿದ. "ಕಾರ್ಯಕ್ರಮದ ಮಧ್ಯ ಹಾರಿಹೋಯ್ತು. ಜನ ಕೂತಿದ್ರು."

"ಮನೇಲಿ ಮಗಳಿದಾಳೆ, ಅದು ನೆನಪಾಗಲಿಲ್ವಾ?"

ಅತ್ತಿಗೆ ಬೆಳ್ಳಿ ಕಾಗದವನ್ನು ಗಂಡನ ಅಂಗಿಯ ಜೇಬಿಗೆ ತುರುಕಿ ಹೊರಟುಹೋದಳು. ಅಣ್ಣ ಅಲ್ಲೇ ಸ್ಟೂಲಿನ ಮೇಲೆ ಕುಸಿದ.

ಕರೆಂಟಿನ ವೈರಿಗೂ ಕಬ್ಬಿಣದ ಮೈಗೂ ನಡುವೆ ಒಂದು ಪುಟ್ಟ ಕೆಪಾಸಿಟರ್ ಇತ್ತು. ಹಿಂದಿನ ಕಾಲದವರು ಗುಂಯ್ ಸದ್ದು ತಗ್ಗಿಸಲು ಹಾಕಿದ್ದು. ಅದು ಕೆಟ್ಟರೆ ಇಡೀ ಮೈಗೆ, ಅಲ್ಲಿಂದ ಗಿಟಾರಿನ ತಂತಿಗೆ ಕರೆಂಟು. ಅದು ಕೆಟ್ಟೇ ಇತ್ತು. ಕತ್ತರಿಸಿ ಬಿಸಾಡಿದಳು. ಹೊಸ ಮೂರೆಳೆಯ ಕೇಬಲ್ ತೂತಿನಲ್ಲಿ ತೂರಲಿಲ್ಲ. ಅರ ಹಿಡಿದು ತೂತು ಅಗಲ ಮಾಡುವಷ್ಟರಲ್ಲಿ ಹೆಬ್ಬೆರಳು ಕುಯ್ದುಕೊಂಡಳು. ಬಣ್ಣ ಕೆರೆದು ಹೊಳಪು ಬರಿಸಿದ ಕಬ್ಬಿಣಕ್ಕೆ ಅರ್ಥ್ ವೈರನ್ನು ಅದರದೇ ಬೋಲ್ಟಿನಲ್ಲಿ ಬಿಗಿದಳು. ಯಾರಾದರೂ ಕೇಬಲ್ ಎಳೆದರೂ ಅದು ಕಟ್ಟಕಡೆಗೆ ಕಿತ್ತುಬರಲಿ ಎಂದು ಉಳಿದೆರಡಕ್ಕಿಂತ ಉದ್ದ ಬಿಟ್ಟಳು. ಕರೆಂಟು ಹೊತ್ತು ತರುವ ಲೈವ್ ವೈರು ಮೊದಲು ಹೊಸ ಫ್ಯೂಸಿಗೆ, ಅಲ್ಲಿಂದ ಸ್ವಿಚ್ಚಿಗೆ. ಒಂದೊಂದು ಬೆಸುಗೆಗೂ ಅಣ್ಣನದು ಒಂದೇ ರಾಗ: "ಅದನ್ಯಾಕೆ ತೆಗೆದೆ? ಸೌಂಡ್ ಹೋಗಲ್ವಾ?"

"ಬಾಯಿಗೂ ಒಂದು ಫ್ಯೂಸ್ ಹಾಕ್ಲಾ?"

ಮೀಟರ್ ಹಿಡಿದು ಎಲ್ಲ ಪರೀಕ್ಷಿಸಿ, ಕೊನೆಗೆ, ಶಾರ್ಟ್ ಇದ್ದರೆ ಪೂರ್ತಿ ಉರಿದು ತೋರಿಸುವ ಸೀರೀಸ್ ಬಲ್ಬಿನ ಮೂಲಕ ಕರೆಂಟು ಕೊಟ್ಟಳು. ಬಲ್ಬು ಒಮ್ಮೆ ಬೆಳಗಿ ಮಂಕಾಯಿತು. ಎಲ್ಲೂ ಶಾರ್ಟ್ ಇಲ್ಲ. ಅಣ್ಣ ಗಿಟಾರ್ ಸಿಕ್ಕಿಸಿ ಎರಡು ಸಲ ಮೀಟಿದ. ಹಳೆಯ ಗುಂಯ್ ಸದ್ದು ಇರಲಿಲ್ಲ.

"ಜೀವ ಹೋಯ್ತು ಇದರದ್ದು," ಎಂದ.

ಅವಳು ಬೆಸುಗೆಕಡ್ಡಿಯನ್ನು ಸ್ಟ್ಯಾಂಡಿನಲ್ಲಿ ಇಡುವ ತನಕ ಹಲ್ಲು ಕಚ್ಚಿಕೊಂಡಿದ್ದಳು. ಆಮೇಲೆ ಹೇಳಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಆ ಶನಿವಾರ ಅಪ್ಪ-ಮಗಳ ಕಾರ್ಯಕ್ರಮ. ಮನಸ್ಸು ತಡೆಯದೆ ಫ್ಯೂಸಕ್ಕ ಮೀಟರ್ ಹಿಡಿದು ಸಭಾಂಗಣಕ್ಕೆ ಹೋದಳು. ವೇದಿಕೆಯ ಸಾಕೆಟ್ಟಿನಲ್ಲಿ ಮೂರು ತೂತು ಚೆಂದಾಗಿದ್ದವು. ಲೈವ್‌ಗೂ ಅರ್ಥ್‌ಗೂ ಹಿಡಿದರೆ ಮುಳ್ಳು ಅಲುಗಲೇ ಇಲ್ಲ. ಮುಖ್ಯ ಸ್ವಿಚ್ ಆರಿಸಿ ಬಿಚ್ಚಿ ನೋಡಿದಳು. ಅರ್ಥ್ ಸೇರಬೇಕಾದ ಮೂರನೆಯ ತೂತಿನ ಹಿಂದೆ ವೈರೇ ಇರಲಿಲ್ಲ.

"ಮೂರು ತೂತಿದೆಯಲ್ಲಮ್ಮ, ಸಾಲದಾ?" ಎಂದ ಸಭಾಂಗಣದ ಮಾಲೀಕ.

ಅರ್ಥ್ ಇಲ್ಲದ ಸಾಕೆಟ್ಟು, ಅರ್ಥವಾಗದ ಮಾಲೀಕ, ಅರ್ಥ ಮಾಡಿಕೊಳ್ಳದ ಅಣ್ಣ. ಅವಳಿಗೆ ಅಳು ಬರುವಷ್ಟು ಸಿಟ್ಟು ಬಂತು. ಪ್ಲಗ್ ಕಿತ್ತು, ಕೇಬಲ್ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಆಂಪಿನ ಮೇಲೆಯೇ ಕುಳಿತುಬಿಟ್ಟಳು.

"ಏಳೇ, ಜನ ನೋಡ್ತಿದಾರೆ. ಮಾನ ಕಳೀತೀಯ."

"ಮಾನ ಹೋದ್ರೆ ನಾಳೆ ಬರುತ್ತೆ. ಏಳಲ್ಲ."

"ಅತ್ತೆ ಹೇಳಿದ ಹಾಗೇ ಆಗ್ಲಿ ಅಪ್ಪ," ಎಂದಳು ಮಗಳು. ಅವಳ ಬೆರಳಿಗಿನ್ನೂ ಪಟ್ಟಿ ಇತ್ತು.

ಮೈಕಿಲ್ಲದೆ, ಆಂಪಿಲ್ಲದೆ ಹಾಡಿದರು. ಮುಂದಿನ ಸಾಲಿನವರಿಗೆ ಕೇಳಿಸಿತು, ಹಿಂದಿನವರು ಎದ್ದು ಹೋದರು. ಅಣ್ಣ ಬಹಳ ದಿನ ಅವಳೊಡನೆ ಮಾತು ಬಿಟ್ಟ.

ಸಭಾಂಗಣಕ್ಕೆ ಅರ್ಥಿಂಗ್ ಬಂತು. ಫ್ಯೂಸಕ್ಕನ ಮಾತಿಗಲ್ಲ; ತಂಪುಪಾನೀಯದ ಫ್ರಿಜ್ಜು ಮಾಲೀಕನಿಗೇ ಒದ್ದ ಮೇಲೆ. ಈಗ ಅಪ್ಪ-ಮಗಳು ಅಲ್ಲಿ ತಿಂಗಳಿಗೊಮ್ಮೆ ಹಾಡುತ್ತಾರೆ. ಮಗಳು ಮೈಕಿಗೆ ತುಟಿ ಅಂಟಿಸಿ ಹಾಡಿದರೂ ಏನೂ ಆಗುವುದಿಲ್ಲ. ಅಣ್ಣ ಮಾತ್ರ ಎದುರಿಗೆ ಸಿಕ್ಕವರಿಗೆಲ್ಲ, "ಮೊದಲಿನ ಸೌಂಡೇ ಬೇರೆ, ನನ್ನ ತಂಗಿ ಕೆಡಿಸಿದಳು," ಎನ್ನುತ್ತಾನೆ.

"ಹೇಳ್ಕೊಂಡು ತಿರುಗಲಿ ಬಿಡಿ ಅತ್ತಿಗೆ. ದೂರು ಹೇಳೋಕಾದ್ರೂ ಬದುಕಿದಾನಲ್ಲ," ಎಂದು ಒಂದು ದಿನ ಅಂಗಡಿಗೆ ಬಂದಿದ್ದ ಅತ್ತಿಗೆಗೆ ಹೇಳಿ ಫ್ಯೂಸಕ್ಕ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡಳು. ಬಾಗಿಲಲ್ಲಿ ಅಣ್ಣನ ಗೆಳೆಯನೊಬ್ಬ ಅಂಥದ್ದೇ ಇನ್ನೊಂದು ಹಳೆಯ ಪೆಟ್ಟಿಗೆ ಹೊತ್ತು ನಿಂತಿದ್ದ.

"ಸೌಂಡ್ ಮಾತ್ರ ಕೆಡಿಸಬೇಡಿ ಅಕ್ಕ," ಎಂದ.